4 ಸೆಂಟಿಮೀಟರ್ ತೆರೆಯುವವರೆಗೂ ಎಪಿಡ್ಯೂರಲ್‌ಗೆ ಕಾಯಬೇಕೇ?

ಹೆರಿಗೆಕೋಣೆ: ಗರ್ಭಕಂಠ 4 ಸೆಂ.ಮೀ. ತೆರೆಯುವ ಮೊದಲು ಎಪಿಡ್ಯೂರಲ್ (ಬೆನ್ನಿಗೆ ಸೂಜಿ ಹಾಕಿ, ಸಣ್ಣ ಕೊಳವೆ ಇಟ್ಟು ಕೊಡುವ ನೋವಿನ ಔಷಧ) ಕೊಟ್ಟರೆ ಬೇನೆ ನಿಂತುಹೋಗುತ್ತದೆ, ಕೊನೆಗೆ ಸಿಸೇರಿಯನ್ನೇ ಗತಿ ಎಂಬ ಮಾತು ಇನ್ನೂ ಓಡಾಡುತ್ತಿದೆ. ಇದರಲ್ಲಿ ನಿಜವೆಷ್ಟು?

ಸೂಜಿಮಲ್ಲಿಗೆ: ಸಿಸೇರಿಯನ್ ಮಾತಂತೂ ಸುಳ್ಳು. ಬೇಗ ಕೊಟ್ಟವರನ್ನೂ ತಡವಾಗಿ ಕೊಟ್ಟವರನ್ನೂ ಹೋಲಿಸಿದ ಪ್ರಯೋಗಗಳಲ್ಲಿ ಸಿಸೇರಿಯನ್ ಹೆಚ್ಚಾಗಿಲ್ಲ. ಬೇನೆ ನಿಜವಾಗಿ ಶುರುವಾಗಿದೆ, ತಾಯಿ ಕೇಳುತ್ತಿದ್ದಾಳೆ ಎಂದರೆ ಸೆಂಟಿಮೀಟರ್ ಲೆಕ್ಕ ಬೇಡ. ಈ ಭಯ ಹಳೆಯ ಡೋಸ್‌ನ ಪಳೆಯುಳಿಕೆ. ಆಗ ಮರಗಟ್ಟಿಸುವ ಔಷಧ ಬುಪಿವಕೇನನ್ನು 0.25% ಹಾಕುತ್ತಿದ್ದರು, ಕಾಲುಗಳು ಕೊರಡಾಗುತ್ತಿದ್ದವು. ಈಗ 0.0625ರಿಂದ 0.1% ಸಾಕು, ಜೊತೆಗೆ ಪ್ರತಿ ಮಿ.ಲೀ.ಗೆ 2 ಮೈಕ್ರೋಗ್ರಾಂ ಫೆಂಟನಿಲ್ ಎಂಬ ನೋವುನಿವಾರಕ. ನೋವು ಇಳಿಯುತ್ತದೆ, ಕಾಲು ಆಡಿಸಲು ಬರುತ್ತದೆ.

ರಾತ್ರಿಪಾಳಿ: ಸಿಸೇರಿಯನ್ ಬಿಡಿ. ಎರಡನೇ ಹಂತ, ಅಂದರೆ ಗರ್ಭಕಂಠ ಪೂರ್ತಿ ತೆರೆದ ಮೇಲೆ ಮಗು ಹೊರಬರುವವರೆಗಿನ ಹೊತ್ತು, ಉದ್ದವಾಗುವುದು ನಿಜ ತಾನೇ? ಪೂರ್ತಿ 10 ಸೆಂ.ಮೀ. ತೆರೆದಿರುತ್ತದೆ, ಮುಕ್ಕಬೇಕು ಎಂಬ ಒತ್ತಡವೇ ಅವಳಿಗೆ ಗೊತ್ತಾಗುತ್ತಿರುವುದಿಲ್ಲ. ಸುತ್ತ ನಿಂತವರು "ಮುಕ್ಕು, ಮುಕ್ಕು" ಎನ್ನುತ್ತಾರೆ. ಒಂದು ಗಂಟೆಯಲ್ಲಿ ಶಕ್ತಿ ಖಾಲಿ, ಆಮೇಲೆ ವ್ಯಾಕ್ಯೂಮ್, ಅಂದರೆ ಮಗುವಿನ ತಲೆಗೆ ಹೀರುಬಟ್ಟಲು ಹಾಕಿ ಎಳೆಯುವುದು. ಮಗುವಿನ ಎದೆಬಡಿತ ಸರಿಯಿದ್ದರೆ ತಲೆ ತಾನಾಗಿ ಇಳಿಯಲಿ ಎಂದು ಒಂದು ಗಂಟೆ ಬಿಡುವುದೇ ಲೇಸು.

ಸೂಜಿಮಲ್ಲಿಗೆ: ಉದ್ದವಾಗುವುದನ್ನು ಒಪ್ಪಿದೆ. ಒಂದು ಗಂಟೆ ಬಿಡುವುದನ್ನು ಅಷ್ಟು ಸುಲಭವಾಗಿ ಒಪ್ಪಲಾರೆ. ಚೊಚ್ಚಲ ಹೆರಿಗೆಯ 2,400ಕ್ಕೂ ಹೆಚ್ಚು ತಾಯಂದಿರ ಮೇಲೆ ಅಮೆರಿಕದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಕ್ಷಣ ಮುಕ್ಕಿದವರಿಗೂ ಒಂದು ಗಂಟೆ ಕಾದವರಿಗೂ ಸಹಜ ಹೆರಿಗೆಯ ಪ್ರಮಾಣ ಒಂದೇ ಇತ್ತು. ಕಾದವರಲ್ಲಿ ಹೆರಿಗೆಯ ನಂತರದ ರಕ್ತಸ್ರಾವವೂ ಸೋಂಕೂ ಹೆಚ್ಚು.

ರಾತ್ರಿಪಾಳಿ: ಹಾಗಾದರೆ ಭಂಗಿಯನ್ನಾದರೂ ನೋಡಿ. ಎಪಿಡ್ಯೂರಲ್ ಇದ್ದವರನ್ನು ಎಬ್ಬಿಸಿ ಕೂರಿಸಿದರೆ ಒಳ್ಳೆಯದು ಎಂದೇ ಎಲ್ಲರ ಊಹೆ. ಬ್ರಿಟನ್ನಿನ 2017ರ ಪ್ರಯೋಗದಲ್ಲಿ ಆದದ್ದು ತಿರುವುಮುರುವು: ಮಗ್ಗುಲಾಗಿ ಮಲಗಿದವರಲ್ಲಿ 41.1%, ನೆಟ್ಟಗಿದ್ದವರಲ್ಲಿ 35.2% ಸಹಜ ಹೆರಿಗೆ. ಎಡಕ್ಕೋ ಬಲಕ್ಕೋ ಮಲಗಿಸಿ, ಬೆನ್ನ ಮೇಲೆ ಮಾತ್ರ ಬೇಡ. ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ಬಿ.ಪಿ. ಕುಸಿಯುತ್ತದೆ.

ಒಂದೇಮಗ್ಗುಲು: ಸೂಜಿ ಹಾಕಿದ ಮೇಲೂ ಒಂದು ಕಡೆಯ ತೊಡೆಸಂದಿಯಲ್ಲಿ ನೋವು ಉಳಿಯುತ್ತದಲ್ಲ, ಯಾಕೆ?

ಸೂಜಿಮಲ್ಲಿಗೆ: ಹೆಚ್ಚಾಗಿ ಕ್ಯಾತಿಟರ್ (ಔಷಧ ಹೋಗುವ ಸಣ್ಣ ಕೊಳವೆ) ಜಾಸ್ತಿ ಒಳಹೋಗಿ ತುದಿ ಒಂದು ಬದಿಗೆ ತಿರುಗಿರುತ್ತದೆ. ಒಳಗೆ 4-5 ಸೆಂ.ಮೀ. ಬಿಟ್ಟರೆ ಸಾಕು. ಮೊದಲು ಮೂತ್ರಕೋಶ ಖಾಲಿ ಮಾಡಿಸಿ. ತುಂಬಿದ ಮೂತ್ರಕೋಶದ ನೋವನ್ನು ಎಪಿಡ್ಯೂರಲ್‌ನ ಸೋಲು ಎಂದುಕೊಳ್ಳುವುದು ಸಾಮಾನ್ಯ. ಆಮೇಲೆ ಐಸ್ ತುಂಡಿನಿಂದ ಎರಡೂ ಬದಿ ಹೊಕ್ಕುಳ ಮಟ್ಟದವರೆಗೆ ತಂಪು ಗೊತ್ತಾಗುತ್ತದೆಯೇ ನೋಡಿ. ಒಂದು ಬದಿ ತಂಪು ಗೊತ್ತಾದರೆ ಆ ಕಡೆ ಔಷಧ ತಲುಪಿಲ್ಲ ಎಂದರ್ಥ; ಕ್ಯಾತಿಟರನ್ನು 1-2 ಸೆಂ.ಮೀ. ಹಿಂದೆಳೆದು, ನೋವಿರುವ ಮಗ್ಗುಲನ್ನು ಕೆಳಗೆ ಮಾಡಿ ಟಾಪ್‌ಅಪ್ (ಹೆಚ್ಚುವರಿ ಡೋಸ್) ಕೊಡಬೇಕು. ಅರ್ಧ ಗಂಟೆಯಲ್ಲಿ ಸರಿಹೋಗದಿದ್ದರೆ ತೆಗೆದು ಹೊಸದು ಹಾಕಿ. "ಹೇಗೋ ನಡೆಯುತ್ತಿದೆ" ಎಂದು ಬಿಟ್ಟ ಅರೆಬರೆ ಎಪಿಡ್ಯೂರಲ್, ತುರ್ತು ಸಿಸೇರಿಯನ್ ಬಂದಾಗ ಕೈಕೊಟ್ಟು ಪೂರ್ತಿ ಅರಿವಳಿಕೆಗೆ ತಳ್ಳುತ್ತದೆ. ಇನ್ನೊಂದು: ಬೇನೆಗಳ ನಡುವೆಯೂ ಬಿಡದೆ ಕಾಡುವ ನೋವಾದರೆ ಟಾಪ್‌ಅಪ್ ಮೇಲೆ ಟಾಪ್‌ಅಪ್ ಕೊಡುತ್ತ ಕೂರಬೇಡಿ. ಮಾಸು ಬೇರ್ಪಟ್ಟಿದೆಯೋ, ಗರ್ಭಕೋಶದ ಮೇಲಿನ ಹಳೆಯ ಸಿಸೇರಿಯನ್ ಹೊಲಿಗೆ ಬಿಟ್ಟಿದೆಯೋ ಮೊದಲು ನೋಡಿ.

ಹೆರಿಗೆಕೋಣೆ: ಡೋಸ್ ಕೊಟ್ಟ ಮೇಲೆ ಯಾರು ಏನು ನೋಡಬೇಕು?

ರಾತ್ರಿಪಾಳಿ: ಮೊದಲ 20 ನಿಮಿಷ 5 ನಿಮಿಷಕ್ಕೊಮ್ಮೆ ಬಿ.ಪಿ., ಜೊತೆಗೆ ಮಗುವಿನ ಎದೆಬಡಿತ. ಬಿ.ಪಿ. ಇಳಿದರೆ ಎಡಮಗ್ಗುಲು, ಡ್ರಿಪ್, ಸಾಲದಿದ್ದರೆ ಬಿ.ಪಿ. ಏರಿಸುವ ಫೆನೈಲೆಫ್ರಿನ್. ಇದನ್ನು ನೋಡಲು ಕೈ ಖಾಲಿಯಿಲ್ಲದ ಕಡೆ ಎಪಿಡ್ಯೂರಲ್ ಹಾಕಲೇಬಾರದು. ನನ್ನ ತಕರಾರು ಇರುವುದು ಇಲ್ಲೇ, ಔಷಧದ ಮೇಲಲ್ಲ. ಅಂಥ ಕಡೆಗೆ ಮಾಸ್ಕ್‌ನಿಂದ ಉಸಿರಾಡುವ ಗ್ಯಾಸ್ ಇದೆ, ಅರ್ಧ ನೈಟ್ರಸ್ ಆಕ್ಸೈಡ್, ಅರ್ಧ ಆಮ್ಲಜನಕ.

ಒಂದೇಮಗ್ಗುಲು: ಗ್ಯಾಸ್‌ನಿಂದ ಏನೂ ಆಗಲಿಲ್ಲ ಎನ್ನುವವರೇ ಹೆಚ್ಚು.

ರಾತ್ರಿಪಾಳಿ: ನೋವು ತುದಿ ಮುಟ್ಟಿದಾಗ ಎಳೆದುಕೊಂಡರೆ ಏನೂ ಆಗದು. ಪರಿಣಾಮಕ್ಕೆ ಅರ್ಧ ನಿಮಿಷದ ಮೇಲೆ ಬೇಕು. ಹೊಟ್ಟೆ ಗಟ್ಟಿಯಾಗಲು ಶುರುವಾದ ಕೂಡಲೇ ನಿಧಾನವಾಗಿ, ಆಳವಾಗಿ ಎಳೆಯಬೇಕು. ಮಾಸ್ಕ್ ತಾಯಿಯ ಕೈಯಲ್ಲೇ ಇರಲಿ. ಮಂಪರು ಹೆಚ್ಚಾದರೆ ಕೈ ಜಾರಿ ಮಾಸ್ಕ್ ಬೀಳುತ್ತದೆ, ಅದೇ ರಕ್ಷಣೆ. ಪಕ್ಕದವರು ಒತ್ತಿ ಹಿಡಿದರೆ ಆ ರಕ್ಷಣೆ ಹೋಯಿತು. ತಲೆಸುತ್ತು, ವಾಂತಿ ಇದ್ದದ್ದೇ. ಮೈನಸ್ 6 ಡಿಗ್ರಿಗಿಂತ ತಣ್ಣಗಿನ ಕಡೆ ಸಿಲಿಂಡರ್ ಇಟ್ಟಿದ್ದರೆ ಒಳಗೆ ಎರಡು ಅನಿಲ ಬೇರೆಯಾಗಿರುತ್ತವೆ, ಮೊದಲು ಬರುವುದು ಬಹುಪಾಲು ಆಮ್ಲಜನಕ.

ಸೂಜಿಮಲ್ಲಿಗೆ: ಗ್ಯಾಸ್ ಬಗ್ಗೆ ನನ್ನ ವಿರೋಧವಿಲ್ಲ. ವಿರೋಧವಿರುವುದು ಪೆಥಿಡಿನ್ ಎಂಬ ನೋವಿನ ಚುಚ್ಚುಮದ್ದಿನ ಬಗ್ಗೆ. ನೋವಿಗಿಂತ ಮಂಪರನ್ನೇ ಹೆಚ್ಚು ತರುತ್ತದೆ, ಮಾಸು ದಾಟಿ ಮಗುವಿನ ಉಸಿರಾಟವನ್ನೂ ಮಂದ ಮಾಡುತ್ತದೆ. ಕೊಟ್ಟ 2-3 ಗಂಟೆಯಲ್ಲಿ ಹೆರಿಗೆಯಾದರೆ ಆ ಪರಿಣಾಮ ಗರಿಷ್ಠ.

ಹೆರಿಗೆಕೋಣೆ: ಬೆನ್ನುನೋವು?

ಸೂಜಿಮಲ್ಲಿಗೆ: ಸೂಜಿ ಚುಚ್ಚಿದ ಜಾಗ ಕೆಲವು ದಿನ ನೋಯುತ್ತದೆ, ವರ್ಷಗಟ್ಟಲೆ ಬೆನ್ನುನೋವಿಗೆ ಎಪಿಡ್ಯೂರಲ್ ಕಾರಣವಲ್ಲ. ಗಮನಿಸಬೇಕಾದ್ದು ತಲೆನೋವು. ಸುಮಾರು 100ರಲ್ಲಿ ಒಬ್ಬರಿಗೆ ಸೂಜಿ ಬೆನ್ನುಹುರಿಯ ದ್ರವವನ್ನು ಹಿಡಿದಿಟ್ಟಿರುವ ಒಳಪೊರೆಯನ್ನು ತೂತು ಮಾಡುತ್ತದೆ. ಎದ್ದು ಕೂತರೆ ಸಿಡಿತ, ಮಲಗಿದರೆ ಶಮನ. ತಾನಾಗಿ ಇಳಿಯದಿದ್ದರೆ ಅವರದೇ ರಕ್ತ 15-20 ಮಿ.ಲೀ. ತೆಗೆದು ಅದೇ ಜಾಗದ ಹತ್ತಿರ ಎಪಿಡ್ಯೂರಲ್ ಸ್ಥಳಕ್ಕೆ ಹಾಕುತ್ತಾರೆ. ಮನೆಗೆ ಹೋದ ಮೇಲೆ ಶುರುವಾದರೂ ಅರಿವಳಿಕೆ ವಿಭಾಗಕ್ಕೇ ಫೋನ್ ಮಾಡಿ, ಮಾತ್ರೆ ನುಂಗಿಕೊಂಡು ಕೂರಬೇಡಿ.