ಅಧಿವೇಶನ ಕಾಲದ ತಾತ್ಕಾಲಿಕ ಗುಮಾಸ್ತ ಕೆಲಸ: ನಿಮ್ಮ ಪ್ರಶ್ನೆ, ಕುಲಕರ್ಣಿ ಸರ್ ಉತ್ತರ

ನಿರ್ವಾಹಕರು: ಮುಂಬೈಯ ಮಂತ್ರಾಲಯದಲ್ಲಿ, ಅಂದರೆ ರಾಜ್ಯ ಸರ್ಕಾರದ ಸಚಿವಾಲಯದಲ್ಲಿ, ಕಕ್ಷ ಅಧಿಕಾರಿ (ವಿಭಾಗದ ಅಧಿಕಾರಿ) ಆಗಿದ್ದು ನಿವೃತ್ತರಾದ ಕುಲಕರ್ಣಿ ಸರ್ ಇಂದು ಸಂಜೆ ಉತ್ತರ ಕೊಡುತ್ತಾರೆ. ವಿಷಯ, ಮಹಾರಾಷ್ಟ್ರ ವಿಧಾನಮಂಡಲದ ಅಧಿವೇಶನ ನಡೆಯುವಾಗ ಏಜೆನ್ಸಿ ಮೂಲಕ ಸಿಗುವ ಟೈಪಿಂಗ್, ಡೇಟಾ ಎಂಟ್ರಿ, ಆವಕ್-ಜಾವಕ್ (ಬರುವ-ಹೋಗುವ ಕಾಗದಗಳ ದಾಖಲೆ) ಕೆಲಸ. ಒಬ್ಬರಿಗೆ ಒಂದು ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ.

ಸುಮಾ, ಡೊಂಬಿವಲಿ: ನಮಸ್ಕಾರ ಸರ್. ಬಿ.ಕಾಂ ಆಗಿದೆ. ಕನ್ನಡ ಟೈಪಿಂಗ್ ನುಡಿ ತಂತ್ರಾಂಶದಲ್ಲಿ ಚೆನ್ನಾಗಿ ಬರುತ್ತದೆ, ಮರಾಠಿ ಓದು-ಬರಹ ಗೊತ್ತು. ಅಲ್ಲಿ ನಿಜವಾಗಿ ಏನು ಕೆಲಸ ಇರುತ್ತದೆ? ಯಾವ ಟೈಪಿಂಗ್ ಕೇಳುತ್ತಾರೆ?

ಕುಲಕರ್ಣಿ ಸರ್: ನಮಸ್ಕಾರ ಸುಮಾ ಅವರೇ. ಕೆಲಸ ಎರಡು ಕಡೆ ಹುಟ್ಟುತ್ತದೆ. ಒಂದು, ನರಿಮನ್ ಪಾಯಿಂಟಿನ ವಿಧಾನ ಭವನದಲ್ಲಿರುವ ವಿಧಾನಮಂಡಲ ಸಚಿವಾಲಯ. ಇನ್ನೊಂದು, ಮಂತ್ರಾಲಯದ ಇಲಾಖೆಗಳು. ಹೊರಗಿನ ಏಜೆನ್ಸಿಯಿಂದ ಬರುವ ಹುಡುಗ-ಹುಡುಗಿಯರು ಹೆಚ್ಚಾಗಿ ಕೂರುವುದು ಇಲಾಖೆಗಳಲ್ಲಿ. ಬಜೆಟ್ ಮತ್ತು ಮಳೆಗಾಲದ ಅಧಿವೇಶನ ಮುಂಬೈಯಲ್ಲಿ, ಚಳಿಗಾಲದ್ದು ನಾಗಪುರದಲ್ಲಿ. ವಿಧಾನಸಭೆಯಲ್ಲಿ 288, ಪರಿಷತ್ತಿನಲ್ಲಿ 78 ಸದಸ್ಯರು. ಅವರು ಕಳಿಸುವ ತಾರಾಂಕಿತ (ಚುಕ್ಕೆ ಗುರುತಿನ), ಅತಾರಾಂಕಿತ (ಚುಕ್ಕೆ ಗುರುತಿಲ್ಲದ) ಪ್ರಶ್ನೆ, ಲಕ್ಷವೇಧಿ (ಗಮನ ಸೆಳೆಯುವ ಸೂಚನೆ), ಕಪಾತ ಸೂಚನೆ (ಬಜೆಟ್ ಮೊತ್ತ ಕಡಿತದ ಸೂಚನೆ) ಎಲ್ಲಕ್ಕೂ ಇಲಾಖೆ ಉತ್ತರ ತಯಾರಿಸಬೇಕು. ಬಂದದ್ದನ್ನು ರಿಜಿಸ್ಟರಿಗೆ ಏರಿಸುವುದು, ಸಂಬಂಧಪಟ್ಟ ಡೆಸ್ಕಿಗೆ ಮುಟ್ಟಿಸುವುದು, ಕರಡು ಟೈಪ್ ಮಾಡುವುದು, ಮಂತ್ರಿಗಳ ಸಹಿ ಆದ ಮೇಲೆ ಪ್ರತಿಗಳ ಸೆಟ್ ಕಟ್ಟಿ ಹೊತ್ತಿಗೆ ಸರಿಯಾಗಿ ಕಳಿಸುವುದು, ಇದೇ ಕೆಲಸ.

ಟೈಪಿಂಗಿಗೆ ಪುಣೆಯ ಮಹಾರಾಷ್ಟ್ರ ರಾಜ್ಯ ಪರೀಕ್ಷಾ ಪರಿಷತ್ತಿನ ಕಂಪ್ಯೂಟರ್ ಟೈಪಿಂಗ್ ಪರೀಕ್ಷೆಯ ಜಿಸಿಸಿ-ಟಿಬಿಸಿ ಸರ್ಟಿಫಿಕೇಟ್ ನೋಡುತ್ತಾರೆ. ಮರಾಠಿ ನಿಮಿಷಕ್ಕೆ 30 ಶಬ್ದ, ಇಂಗ್ಲಿಷ್ 40. ಕಂಪ್ಯೂಟರಿನಲ್ಲಿ ಯುನಿಕೋಡ್ ಮರಾಠಿ, ಇನ್‌ಸ್ಕ್ರಿಪ್ಟ್ ಕೀಲಿಮಣೆ ಕಲಿತುಕೊಳ್ಳಿರಿ. ನುಡಿಗೆ ಪಳಗಿದ ಬೆರಳು ಇಲ್ಲಿ ಎಡವುತ್ತದೆ. ನುಡಿಯಲ್ಲಿ ಎನ್ ಒತ್ತಿದರೆ ‘ನ’ ಬರುತ್ತದೆ, ಇನ್‌ಸ್ಕ್ರಿಪ್ಟಿನಲ್ಲಿ ಎನ್ ಎಂದರೆ ‘ಲ’. ‘ನ’ ಇರುವುದು ವಿ ಕೀಲಿಯಲ್ಲಿ. ‘ಳ’ಕ್ಕೆ ಶಿಫ್ಟ್ ಜೊತೆ ಎನ್. ಇನ್ನೊಂದು ಮುಖ್ಯ. ಮರಾಠಿಯಲ್ಲಿ ‘ರೈತರಿಗೆ’ ಎಂಬ ಅರ್ಥದ ‘शेतकऱ्यांना’ ಶಬ್ದ ಎರಡು ಉತ್ತರಕ್ಕೊಮ್ಮೆ ಬರುತ್ತದೆ, ಅದರಲ್ಲಿನ ಅರ್ಧ ‘ರ’ ಅಕ್ಷರದ ತಲೆಯ ಮೇಲೆ ಕೂರುವ ರೇಫವಲ್ಲ, ಪಕ್ಕದಲ್ಲಿ ಅಡ್ಡ ಬರುವ ಗೀಟು. ಬರೀ ಜೆ, ಡಿ, ಯ ಒತ್ತಿದರೆ ರೇಫ ಬಿದ್ದು ಶಬ್ದ ಕೆಡುತ್ತದೆ. ಶಿಫ್ಟ್ ಜೊತೆ ಜೆ, ಆಮೇಲೆ ಡಿ, ಆಮೇಲೆ ಯ. ಇದನ್ನು ಕೈಗೆ ಹತ್ತಿಸಿಕೊಂಡು ಹೋಗಿರಿ.

ಹರೀಶ್, ಮೀರಾ ರೋಡ್: ಸರ್, ಇದು ನಿಜವೇ? «ವಿಧಾನ ಭವನ ಸೆಷನ್ ಡ್ಯೂಟಿ, ಪರೀಕ್ಷೆ ಇಲ್ಲ, ಇಂಟರ್‌ವ್ಯೂ ಇಲ್ಲ, ನೋಂದಣಿ ಶುಲ್ಕ ಮಾತ್ರ, ಇವತ್ತೇ ಕೊನೆ ದಿನ, ಹತ್ತು ಕನ್ನಡಿಗರಿಗೆ ಕಳಿಸಿ»

ಕುಲಕರ್ಣಿ ಸರ್: ಸುಳ್ಳು. ಕೆಲಸ ಕೊಡುವವರು ದುಡ್ಡು ಕೇಳುವುದಿಲ್ಲ. ಕಟ್ಟಿದ್ದರೆ ಈಗಲೇ 1930ಕ್ಕೆ ಫೋನ್ ಮಾಡಿ ದೂರು ದಾಖಲಿಸಿರಿ, ಬ್ಯಾಂಕಿಗೂ ತಿಳಿಸಿರಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಜಾರುತ್ತದೆ.

ರೇಷ್ಮಾ, ಘನ್ಸೋಲಿ: ಕಳೆದ ಮಳೆಗಾಲದ ಅಧಿವೇಶನಕ್ಕೆ ಏಜೆನ್ಸಿ ಕಡೆಯಿಂದ ಹೋಗಿದ್ದೆ. ಸಂಬಳದಲ್ಲಿ 10% ಹಿಡಿದು ಕೊಟ್ಟರು, ಪಿಎಫ್ ಇಲ್ಲ. ಕೇಳಿದರೆ «ಟೆಂಪರರಿಗೆ ಪಿಎಫ್ ಬರಲ್ಲ» ಅಂದರು.

ಕುಲಕರ್ಣಿ ಸರ್: ಆ 10% ಎಂದರೆ ನಿಮ್ಮನ್ನು ನೌಕರರೆಂದು ತೋರಿಸದೆ ವೃತ್ತಿಪರ ಶುಲ್ಕ ಪಡೆದವರೆಂದು ತೋರಿಸಿದ್ದಾರೆ. ಆದಾಯ ತೆರಿಗೆ ಪೋರ್ಟಲಿನಲ್ಲಿ 26ಎಎಸ್ (ನಿಮ್ಮ ಹೆಸರಲ್ಲಿ ಕಟ್ಟಿದ ತೆರಿಗೆಯ ಪಟ್ಟಿ) ತೆಗೆದು ನೋಡಿರಿ. ಹಿಡಿದ ತೆರಿಗೆ ಅಲ್ಲಿ ಕಂಡರೆ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು. ಕಾಣದಿದ್ದರೆ ಹಿಡಿದದ್ದನ್ನು ಕಟ್ಟಿಲ್ಲ ಎಂದು ಲೆಕ್ಕ, ಬರವಣಿಗೆಯಲ್ಲಿ ಕೇಳಿರಿ. ಪಿಎಫ್‌ಗೆ ಒಳಪಡುವ ಸಂಸ್ಥೆಯಲ್ಲಿ ತಾತ್ಕಾಲಿಕ ನೌಕರನಿಗೂ ಮೊದಲ ದಿನದಿಂದಲೇ ಪಿಎಫ್ ಅನ್ವಯಿಸುತ್ತದೆ. ಮುಂದಿನ ಸಲ ಸೇರುವಾಗಲೇ ನೇಮಕಪತ್ರ, ಪಿಎಫ್ ಸದಸ್ಯರಿಗೆ ಕೊಡುವ ಯುಎಎನ್ ನಂಬರ್ ಕೇಳಿರಿ.

ನಾಗರತ್ನಾ, ಐರೋಲಿ: ಸರ್, ಇದು ನನ್ನ ನಾದಿನಿಯ ವಿಷಯ. ಏಜೆನ್ಸಿಯಿಂದ ಒಂದು ಇಲಾಖೆಯ ಅಧಿವೇಶನ ಕಕ್ಷದಲ್ಲಿ ಇದ್ದಾಳೆ. ರಾತ್ರಿ ಅಲ್ಲಿನ ಒಬ್ಬ ಅಧಿಕಾರಿ ತಾರಾಂಕಿತ ಪ್ರಶ್ನೆಯ ಉತ್ತರದ ಕರಡನ್ನು ಫೋಟೋ ಹೊಡೆದು ವಾಟ್ಸಾಪಿನಲ್ಲಿ ಕಳಿಸಿದರು. ಇವಳು ಮನೆಯ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿ ವಾಪಸ್ ಕಳಿಸಿದಳು. ಮರುದಿನ ಸದನದಲ್ಲಿ ಆ ಪ್ರಶ್ನೆ ಬರುವ ಮೊದಲೇ ಉತ್ತರ ಹೊರಗಿನ ಗುಂಪುಗಳಲ್ಲಿ ಓಡಾಡಿದೆಯಂತೆ. ಈಗ ಏಜೆನ್ಸಿ ಲಿಖಿತ ವಿವರಣೆ ಕೇಳುತ್ತಿದೆ. «ನನ್ನಿಂದ ತಪ್ಪಾಯಿತು, ಕ್ಷಮಿಸಿ ಅಂತ ಬರೆದುಕೊಡು, ಮುಗಿಸುತ್ತೇವೆ» ಅನ್ನುತ್ತಾರೆ. ಹುಡುಗಿ ಹೆದರಿದ್ದಾಳೆ, ಚಾಟ್ ಎಲ್ಲ ಅಳಿಸಿಬಿಡಲೇ ಅಂತ ಕೇಳುತ್ತಿದ್ದಾಳೆ.

ಕುಲಕರ್ಣಿ ಸರ್: ನಾಗರತ್ನಾ ಅವರೇ, ಮೊದಲು ಅವಳಿಗೆ ಫೋನ್ ಮಾಡಿರಿ. ಏನನ್ನೂ ಅಳಿಸಬಾರದು. ಚಾಟ್, ಫೋಟೋ, ಟೈಪ್ ಮಾಡಿದ ಫೈಲು, ಯಾವುದನ್ನೂ. ಫೋನ್ ರೀಸೆಟ್ ಮಾಡಬಾರದು, ಮಾರಬಾರದು. ಆ ಫೋಟೋ ಯಾವ ನಂಬರಿನಿಂದ ಎಷ್ಟು ಗಂಟೆಗೆ ಬಂತು, ಇವಳು ಯಾರಿಗೆ ಎಷ್ಟು ಗಂಟೆಗೆ ವಾಪಸ್ ಕಳಿಸಿದಳು, ಅವಳನ್ನು ಕಾಪಾಡುವುದು ಇದೊಂದೇ. ಅಳಿಸಿದರೆ ಕದ್ದು ಮುಚ್ಚಿದಂತೆ ಕಾಣುತ್ತದೆ.

ಇದು ಯಾಕೆ ಗಂಭೀರ ಎಂದರೆ, ಮಂತ್ರಿಗಳು ಸದನದಲ್ಲಿ ಉತ್ತರ ಕೊಡುವ ತನಕ, ಅಥವಾ ಅದು ಪಟಲದ (ಸದನದ ಮೇಜಿನ) ಮೇಲೆ ಬರುವ ತನಕ, ಅದನ್ನು ಹೊರಗೆ ಬಿಡುವಂತಿಲ್ಲ. ಸಂವಿಧಾನದ 194ನೇ ವಿಧಿ ರಾಜ್ಯದ ಸದನಗಳಿಗೆ ಹಕ್ಕುಚ್ಯುತಿ ವಿಚಾರಿಸುವ ಅಧಿಕಾರ ಕೊಟ್ಟಿದೆ. ಸದಸ್ಯರೊಬ್ಬರು ವಿಷಯ ಎತ್ತಿದರೆ ಅಧ್ಯಕ್ಷರು ಇಲಾಖೆಯನ್ನು ಕೇಳುತ್ತಾರೆ, ಇಲಾಖೆ ಏಜೆನ್ಸಿಯನ್ನು ಕೇಳುತ್ತದೆ, ಏಜೆನ್ಸಿ ಕಡೆಯ ಮೆಟ್ಟಿಲಲ್ಲಿ ನಿಂತವಳನ್ನು ಹಿಡಿಯುತ್ತದೆ. ಅದಕ್ಕೇ ‘ತಪ್ಪಾಯಿತು’ ಎಂಬ ಕಾಗದಕ್ಕೆ ಇಷ್ಟು ಅವಸರ. ಆ ಒಂದು ಸಾಲಿಗೆ ಸಹಿ ಬಿದ್ದರೆ ಸೋರಿಕೆಯೇ ಅವಳದೆಂದು ಓದಿಕೊಳ್ಳುತ್ತಾರೆ. ಅವಳು ಮಾಡಿದ್ದು ಟೈಪಿಂಗ್. ಸೋರಿಕೆ ಬೇರೆ.

ವಿವರಣೆ ಹೀಗಿರಲಿ. ಏಜೆನ್ಸಿ ಕೇಳಿದ್ದು ಬಾಯಿಮಾತಿನಲ್ಲಾದರೆ ಮೊದಲು ಬರವಣಿಗೆಯ ನೋಟಿಸ್ ಕೇಳಬೇಕು. ಉತ್ತರ ಒಂದು ಪುಟ ಮೀರಬಾರದು. ದಿನಾಂಕ, ಸಮಯ, ಕಳಿಸಿದವರ ಹುದ್ದೆ, ತನಗೆ ಬಂದ ಸೂಚನೆ, ತಾನು ಮಾಡಿದ ಕೆಲಸ, ವಾಪಸ್ ಕಳಿಸಿದ ನಂಬರ್. ‘ಬೇರೆ ಯಾರಿಗೂ ಕಳಿಸಿಲ್ಲ’ ಎಂಬುದು ನಿಜವಾಗಿದ್ದರೆ ಮಾತ್ರ ಅದನ್ನು ಬರೆಯಬೇಕು. ಮನೆಯಲ್ಲಿ ತಮ್ಮನಿಗೋ ಗೆಳತಿಗೋ ಸಹಾಯಕ್ಕೆಂದು ಕಳಿಸಿದ್ದರೆ ಅದನ್ನೂ ಬರೆಯಬೇಕು, ಆಮೇಲೆ ಹೊರಬಂದರೆ ಉಳಿದ ಮಾತೂ ಬಿದ್ದುಹೋಗುತ್ತದೆ. ಊಹೆ ಬೇಡ, ‘ಇಂಥವರೇ ಸೋರಿಸಿರಬೇಕು’ ಎನ್ನುವುದು ಬೇಡ. ಕರಡಿನ ಒಕ್ಕಣೆ ಎತ್ತಿ ಬರೆಯಬಾರದು. ಎರಡು ಪ್ರತಿ ಮಾಡಿ, ಒಂದರ ಮೇಲೆ ಸಹಿ, ಠಸ್ಸೆ, ತಾರೀಖು ಹಾಕಿಸಿ ಪೋಚ್ (ತಲುಪಿದ್ದಕ್ಕೆ ಸ್ವೀಕೃತಿ) ತೆಗೆದುಕೊಳ್ಳಬೇಕು. ಖಾಲಿ ಹಾಳೆಗೆ ಸಹಿ ಕೂಡದು.

ನೋಟಿಸು ನೇರವಾಗಿ ವಿಧಾನಮಂಡಲ ಸಚಿವಾಲಯದಿಂದ ಬಂದರೆ ಅವತ್ತೇ ವಕೀಲರನ್ನು ಕಾಣಿರಿ, ನನ್ನನ್ನಲ್ಲ. ಪತ್ರಕರ್ತರು ಫೋನ್ ಮಾಡಿದರೆ ಒಂದು ಮಾತೂ ಆಡಬಾರದು. ನೀವೂ ಇಲಾಖೆಯ ಹೆಸರು, ಪ್ರಶ್ನೆಯ ನಂಬರ್ ಇಲ್ಲಿ ಹಾಕಬೇಡಿರಿ.

ಪ್ರಭಾಕರ್, ಭಾಂಡುಪ್: ಇಷ್ಟೆಲ್ಲ ಹೆದರಿಸುವುದು ಯಾಕೆ? 240 ದಿನ ಕೆಲಸ ಮಾಡಿದರೆ ಕಾಯಂ, ತೆಗೆಯೋಕೆ ಆಗಲ್ಲ. ಎಲ್ಲರೂ ಹಾಜರಿ ಪುಸ್ತಕದ ಫೋಟೋ ಇಟ್ಟುಕೊಳ್ಳಿ. ಈ ಮೆಸೇಜ್ ಎಲ್ಲರಿಗೂ ಕಳಿಸಿ.

ಕುಲಕರ್ಣಿ ಸರ್: ಹಾಜರಿಯ ಫೋಟೋ ಇಟ್ಟುಕೊಳ್ಳಿರಿ, ಸಂಬಳ ಬಾಕಿಯಾದರೆ ಉಪಯೋಗಕ್ಕೆ ಬರುತ್ತದೆ. ಕಾಯಂ ಆಗುವ ಮಾತು ಸುಳ್ಳು. 2006ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕರ್ನಾಟಕ ಸರ್ಕಾರ ವಿರುದ್ಧ ಉಮಾದೇವಿ ಪ್ರಕರಣದಲ್ಲಿ ಹೇಳಿದೆ, ನಿಯಮದಂತೆ ನೇಮಕವಾಗದ ತಾತ್ಕಾಲಿಕರಿಗೆ ಕಾಯಂ ಆಗುವ ಹಕ್ಕಿಲ್ಲ. ಅಧಿವೇಶನ ಕೆಲವೇ ವಾರಗಳದ್ದು. 240 ಎಲ್ಲಿಂದ ಬಂತು?

ಪ್ರಭಾಕರ್, ಭಾಂಡುಪ್: ಮಹಾರಾಷ್ಟ್ರದ ಮಾದರಿ ಸ್ಥಾಯಿ ಆದೇಶದ (ಕಾರ್ಮಿಕರ ಸೇವಾ ನಿಯಮ) 4-ಸಿ ಓದಿ ಸರ್. ಬದಲಿ ಅಥವಾ ತಾತ್ಕಾಲಿಕ ಕಾರ್ಮಿಕ 12 ತಿಂಗಳಲ್ಲಿ 240 ದಿನ ಅಖಂಡ ಸೇವೆ ಮಾಡಿದರೆ ಕಾಯಂ ಮಾಡಬೇಕು ಅಂತ ಸ್ಪಷ್ಟ ಇದೆ. ನಾವು ಮಿಲ್ಲಿನ ಕಾಲದಿಂದ ಕಂಡಿದ್ದೇವೆ.

ಶ್ರೀಧರ, ಠಾಣೆ: ಪ್ರಭಾಕರಣ್ಣ, ಅದು ಕಾರ್ಖಾನೆಗೆ. ಸರ್ಕಾರಿ ಕಚೇರಿಗೆ ಅದನ್ನು ಹಚ್ಚಬೇಡಿ.

ಪ್ರಭಾಕರ್, ಭಾಂಡುಪ್: 2024ರ ಡಿಸೆಂಬರಿನ ಜಗ್ಗೋ ತೀರ್ಪು ಓದಿದ್ದೀರಾ? ಉಮಾದೇವಿ ಹೆಸರು ಹೇಳಿಕೊಂಡು ಕಾರ್ಮಿಕರನ್ನು ಶೋಷಿಸಬಾರದು ಅಂತ ಅದೇ ಸುಪ್ರೀಂ ಕೋರ್ಟ್ ಹೇಳಿದೆ.

ಶ್ರೀಧರ, ಠಾಣೆ: ಓದಿದ್ದೇನೆ. ಅವರು ಕೇಂದ್ರ ಜಲ ಆಯೋಗದಲ್ಲಿ ವರ್ಷಗಟ್ಟಲೆ ಬಿಡದೆ ಕೆಲಸ ಮಾಡಿದ ಸ್ವಚ್ಛತಾ ಕಾರ್ಮಿಕರು, ಮಾಲಿ. ನೀವು ಮೂರು ವಾರದ ಟೈಪಿಸ್ಟನ್ನು ತಂದು ಅದರ ಪಕ್ಕ ಕೂರಿಸುತ್ತಿದ್ದೀರಿ. ಇಲ್ಲಿ ಬಂದ ಹುಡುಗರು ನಿಮ್ಮ ಮಾತು ನಂಬಿ ಬೇರೆ ಕೆಲಸ ಬಿಟ್ಟರೆ ಹೊಣೆ ಯಾರು?

ಪ್ರಭಾಕರ್, ಭಾಂಡುಪ್: ನೀವು ಏಜೆನ್ಸಿ ಕಡೆಯವರಾ?

ಶ್ರೀಧರ, ಠಾಣೆ: ಮರ್ಯಾದೆಯಿಂದ ಮಾತಾಡಿ.

ವಿನಾಯಕ, ಕುರ್ಲಾ: ಸರ್, ನಾಗಪುರಕ್ಕೆ ಹೋದರೆ ಉಳಿಯುವ ವ್ಯವಸ್ಥೆ ಏಜೆನ್ಸಿ ಮಾಡುತ್ತದಾ, ನಾವೇ ಮಾಡಿಕೊಳ್ಳಬೇಕಾ?

ಅಶ್ವಿನಿ, ಬೊರಿವಲಿ: ಟೈಪಿಂಗ್ ಸ್ಪೀಡ್ ಎಷ್ಟು ಬೇಕು ಸರ್?

ಕುಲಕರ್ಣಿ ಸರ್: ಮೇಲೆ ಇದೆ.

ಸಂತೋಷ್, ವಾಶಿ: ಸ್ಪೀಡಿನ ಚಿಂತೆ ಯಾಕೆ? ಫೋನಿನಲ್ಲಿ ಮರಾಠಿ ಮಾತಾಡಿದರೆ ತಾನೇ ಟೈಪ್ ಆಗುತ್ತದೆ. ಹಳೆಯ ಫಾಂಟಿನ ಫೈಲ್ ಇದ್ದರೆ ಆನ್‌ಲೈನ್ ಕನ್ವರ್ಟರಿಗೆ ಹಾಕಿ, ಎರಡು ಸೆಕೆಂಡು. ಒಂದು ಗುಂಪಿನಲ್ಲಿ ಬಂದ ಟಿಪ್ಸ್, ಶೇರ್ ಮಾಡುತ್ತಿದ್ದೇನೆ.

ಕುಲಕರ್ಣಿ ಸರ್: ಸಂತೋಷ್, ನಾಗರತ್ನಾ ಅವರ ಪ್ರಶ್ನೆ ಓದಿಯೂ ಇದನ್ನು ಹಾಕಿದಿರಾ? ಸದನಕ್ಕೆ ಬಾರದ ಉತ್ತರವನ್ನು ಯಾರದೋ ವೆಬ್‌ಸೈಟಿಗೆ ಏರಿಸುವುದೆಂದರೆ ಹೊರಗೆ ಕೊಟ್ಟಂತೆಯೇ. ಫೋನಿಗೆ ಓದಿ ಹೇಳುವುದೂ ಅಷ್ಟೇ. ಇನ್ನು ಕನ್ವರ್ಟರ್: ಶ್ರೀಲಿಪಿ, ಕೃತಿದೇವ್‌ನಂಥ ಹಳೆಯ ಫಾಂಟುಗಳಲ್ಲಿ ಪರದೆಯ ಮೇಲೆ ಕಾಣುವ ಅಕ್ಷರ ಬೇರೆ, ಒಳಗಿನ ಸಂಕೇತ ಬೇರೆ. ಫಾಂಟಿನ ಆವೃತ್ತಿ ಹೊಂದದಿದ್ದರೆ ಒತ್ತಕ್ಷರ, ಅರ್ಧ ‘ರ’, ಚಿಹ್ನೆಗಳು ಕೆಡುತ್ತವೆ. ಗ್ರಾಮದ ಹೆಸರು ಬದಲಾದರೆ ಉತ್ತರವೇ ತಪ್ಪು. ಬದಲಾಯಿಸಲೇಬೇಕಾದರೆ ಕಚೇರಿಯ ಕಂಪ್ಯೂಟರಿನಲ್ಲೇ ಇರುವ ಸಾಫ್ಟ್‌ವೇರಿನಿಂದ, ಆಮೇಲೆ ಇಬ್ಬರು ಕೂತು ತಾಳೆ ನೋಡಬೇಕು. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಹೊಸ ಪ್ರತಿಯಲ್ಲಿ ಬೆರಳಿಟ್ಟು ಹೋಗಬೇಕು. ಹೆಸರು, ಅಂಕಿ, ದಿನಾಂಕ ಎರಡು ಸಲ.

ಸಂತೋಷ್, ವಾಶಿ: ಒಳ್ಳೆಯದಕ್ಕೇ ಹಾಕಿದ್ದು ಸರ್, ಇಷ್ಟು ಸಿಟ್ಟು ಬೇಡ.

ಸುಮಾ, ಡೊಂಬಿವಲಿ: ಸರ್, ಉತ್ತರ ಟೈಪ್ ಮಾಡುವಾಗ ಹೊಸಬರು ಎಲ್ಲಿ ತಪ್ಪುತ್ತಾರೆ?

ಕುಲಕರ್ಣಿ ಸರ್: ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಎರಡು ಅಂಕಣ, ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಪ್ರಶ್ನೆಯಲ್ಲಿ ಐದು ಭಾಗವಿದ್ದರೆ ಉತ್ತರದಲ್ಲೂ ಐದು ಇರಬೇಕು. ಎರಡನ್ನು ಕೂಡಿಸಿ ಉತ್ತರಿಸಿದ್ದರೆ ‘(2) ಮತ್ತು (3)’ ಎಂದು ಹಾಕಬೇಕು. ಹೆಚ್ಚಿನ ಎಡವಟ್ಟು ಆಗುವುದು ಹಳೆಯ ಉತ್ತರದ ಮೇಲೆ ಹೊಸದನ್ನು ಟೈಪ್ ಮಾಡುವಾಗ. ಮೊದಲ ಭಾಗಕ್ಕೆ ಅಧಿಕಾರಿ ‘ಅಂಶತಃ ಖರೇ ಆಹೇ’ (ಭಾಗಶಃ ನಿಜ) ಎಂದು ತಿದ್ದಿರುತ್ತಾರೆ, ಕೆಳಗೆ ‘ವಿಳಂಬಕ್ಕೆ ಕಾರಣವೇನು’ ಎಂಬ ಭಾಗದಲ್ಲಿ ಹಳೆಯ ‘ಪ್ರಶ್ನ ಉದ್ಭವತ್ ನಾಹೀ’ (ಪ್ರಶ್ನೆ ಉದ್ಭವಿಸುವುದಿಲ್ಲ) ಹಾಗೇ ಉಳಿದಿರುತ್ತದೆ. ಸ್ವಲ್ಪವಾದರೂ ನಿಜ ಎಂದ ಮೇಲೆ ಪ್ರಶ್ನೆ ಉದ್ಭವಿಸಿಯೇ ಇದೆ. ಸದಸ್ಯರು ಹಿಡಿಯುವುದು ಅಲ್ಲಿಯೇ. ನೀವು ತಿದ್ದಬೇಡಿರಿ, ಪೆನ್ಸಿಲಿನಲ್ಲಿ ಗುರುತು ಹಾಕಿ ಕಕ್ಷ ಅಧಿಕಾರಿಗೆ ತೋರಿಸಿರಿ.

ಮಂತ್ರಿಗಳಿಗೆ ಕೊಡುವ ಪೂರಕ ಟಿಪ್ಪಣಿಯಲ್ಲಿ ಮೊತ್ತ ಲಕ್ಷದಲ್ಲಿ, ಉತ್ತರದಲ್ಲಿ ಕೋಟಿಯಲ್ಲಿ ಇದ್ದರೆ ಅದನ್ನೂ ತೋರಿಸಿರಿ. ಪ್ರಶ್ನೆ ಕೇಳಿದ ಸದಸ್ಯರ ಹೆಸರುಗಳ ಅನುಕ್ರಮ ಮುಟ್ಟಬೇಡಿರಿ. ‘ಚೌಕಶಿ (ವಿಚಾರಣೆ) ಮಾಡಲಾಗುವುದು’ ಎಂಬಂಥ ಸಾಲು ಸದನದಲ್ಲಿ ಆಶ್ವಾಸನೆಯಾಗುತ್ತದೆ, ಆಶ್ವಾಸನ ಸಮಿತಿ ಅದರ ಬೆನ್ನು ಹತ್ತುತ್ತದೆ. ಆದ್ದರಿಂದ ವಾಕ್ಯ ಚೆಂದ ಮಾಡಲು ಹೋಗಿ ಇಂಥದ್ದನ್ನು ಸೇರಿಸಲೂಬಾರದು, ಬಿಡಲೂಬಾರದು. ಫೈಲಿನ ಹೆಸರಲ್ಲಿ ಪ್ರಶ್ನೆಯ ನಂಬರ್ ಮತ್ತು ಎಷ್ಟನೇ ಕರಡು ಎಂಬುದು ಇರಲಿ. ಅಧಿಕಾರಿಯ ಇ-ಆಫೀಸ್ (ಸರ್ಕಾರಿ ಕಡತಗಳ ಆನ್‌ಲೈನ್ ವ್ಯವಸ್ಥೆ) ಲಾಗಿನ್ ಬಳಸಿ ಎಂದರೆ ಒಪ್ಪಬೇಡಿರಿ.

ಗಿರಿಜಾ, ಸೋಲಾಪುರ: ಕರ್ನಾಟಕದ ಜಾತಿ ಪ್ರಮಾಣಪತ್ರ ಇಲ್ಲಿ ನಡೆಯುತ್ತದೆಯೇ ಸರ್?

ಪ್ರಭಾಕರ್, ಭಾಂಡುಪ್: ನನ್ನ 4-ಸಿಗೆ ಇನ್ನೂ ಉತ್ತರ ಬಂದಿಲ್ಲ. ಬರುವುದೂ ಇಲ್ಲ.

ಶ್ರೀಧರ, ಠಾಣೆ: ಕೊಟ್ಟಾಗಿದೆ. ಓದಿಕೊಳ್ಳಿ.

ನಿರ್ವಾಹಕರು: ಇಬ್ಬರೂ ಸಾಕು ಮಾಡಿ, ಇಲ್ಲದಿದ್ದರೆ ಕಮೆಂಟ್ ತೆಗೆಯುತ್ತೇನೆ.

ಮಹೇಶ್, ನಾಲಾಸೋಪಾರಾ: «ವಿಧಾನ ಭವನ ಸೆಷನ್ ಡ್ಯೂಟಿ, ಪರೀಕ್ಷೆ ಇಲ್ಲ» ಇದು ನಿಜವೇ ಸರ್?

ಕುಲಕರ್ಣಿ ಸರ್: ಸುಳ್ಳು. ಮೇಲೆ ಬರೆದಾಗಿದೆ. ಕೇಳುವ ಮುಂಚೆ ಓದಿರಿ.

ವಿನಾಯಕ, ಕುರ್ಲಾ: ನಾಗಪುರದ ವಸತಿ ಬಗ್ಗೆ ಕೇಳಿದ್ದೆ ಸರ್.

ನಾಗರತ್ನಾ, ಐರೋಲಿ: ಸರ್, ನಾದಿನಿ ನೀವು ಹೇಳಿದಂತೆ ಬರೆದು ಒಯ್ದಳು. ಏಜೆನ್ಸಿಯವರು ಪೋಚ್ ಕೊಡಲು ಒಪ್ಪುತ್ತಿಲ್ಲ. ಕಾಗದ ಇಟ್ಟು ಹೋಗು ಅನ್ನುತ್ತಿದ್ದಾರೆ.

ಕುಲಕರ್ಣಿ ಸರ್: ಇಟ್ಟು ಬರಬಾರದು. ವಾಪಸ್ ತರಲಿ. ಅದನ್ನೇ ಸ್ಕ್ಯಾನ್ ಮಾಡಿ ಏಜೆನ್ಸಿಯ ಅಧಿಕೃತ ಇ-ಮೇಲಿಗೆ ಇವತ್ತೇ ಕಳಿಸಲಿ, ನಾಳೆ ಬೆಳಿಗ್ಗೆ ಸ್ಪೀಡ್ ಪೋಸ್ಟ್ ಮಾಡಲಿ. ರಸೀದಿಯ ಶಾಯಿ ಬೇಗ ಮಾಸುತ್ತದೆ, ಕೂಡಲೇ ಝೆರಾಕ್ಸ್ ತೆಗೆದು ಪ್ರತಿಯ ಹಿಂದೆ ಅಂಟಿಸಿರಿ. ತಲುಪಿದ ದಿನ ಟ್ರ್ಯಾಕಿಂಗ್ ಪುಟವನ್ನೂ ಪ್ರಿಂಟ್ ತೆಗೆದಿಡಿರಿ. ಕೆಲಸಕ್ಕೆ ಬರಬೇಡ ಎಂದರೆ ಅದನ್ನೂ ಇ-ಮೇಲಿನಲ್ಲೇ ಕೇಳಲಿ, ಫೋನಿನಲ್ಲಿ ಅಲ್ಲ.