ಪಾಯದ ಕಂಬಿಯಿಂದ ಅರ್ತಿಂಗ್: ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಮನೆ ಕಟ್ಟಿಸುತ್ತಿರುವವರು, ಹಾಸನ: ಸರ್ ನಮಸ್ಕಾರ. ಫೂಟಿಂಗ್ (ಕಂಬದ ಬುಡದ ಪಾಯ) ಕಂಬಿ ಕಟ್ಟಿ ಆಯ್ತು, ನಾಳೆ ಬೆಳಗ್ಗೆ ಕಾಂಕ್ರೀಟ್. ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬುವ ಬದಲು ಪಾಯದಿಂದಲೇ ಅರ್ತಿಂಗ್ ತೆಗೆಯಬಹುದು ಅಂತ ತಮ್ಮ ಹೇಳುತ್ತಿದ್ದಾನೆ. ನಮ್ಮದು ಗರಸು ಮಣ್ಣು, ಬೇಸಿಗೆಯಲ್ಲಿ ಕಲ್ಲಿನ ಹಾಗೆ ಒಣಗುತ್ತೆ. ಇದು ಸರಿನಾ?

ಎಂಜಿನಿಯರ್: ನಮಸ್ಕಾರ ಅಮ್ಮಾ. ಸರಿ. ಸಮಯಕ್ಕೆ ಕೇಳಿದಿರಿ, ನಾಳಿದ್ದು ಕೇಳಿದ್ದರೆ ಏನೂ ಮಾಡಲು ಆಗುತ್ತಿರಲಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಅರಿಜೋನಾದಲ್ಲಿ ಬಾಂಬ್ ಗೋದಾಮುಗಳಿಗೆ ಸಿಡಿಲಿನಿಂದ ರಕ್ಷಣೆ ಬೇಕಿತ್ತು. ಒಣ ನೆಲ, ರಾಡ್ ಹೊಡೆದರೂ ಒಳ್ಳೆಯ ಅರ್ತ್ ಸಿಗುತ್ತಿರಲಿಲ್ಲ. ಹರ್ಬರ್ಟ್ ಯೂಫರ್ ಎಂಬ ಎಂಜಿನಿಯರ್ ಪಾಯದೊಳಗಿನ ಕಂಬಿಯನ್ನೇ ಬಳಸಿದರು. ಎಷ್ಟೋ ವರ್ಷ ಆದ ಮೇಲೆ ಅಳೆದಾಗಲೂ ಅರ್ತಿನ ರೋಧ 5 ಓಮ್ ಒಳಗೇ ಇತ್ತು; ಇದು ಕಡಿಮೆ ಇದ್ದಷ್ಟೂ ಒಳ್ಳೆಯದು. ಕಾಂಕ್ರೀಟ್ ನೆಲದ ತೇವ ಹೀರಿಕೊಂಡು ಸುಲಭಕ್ಕೆ ಬಿಡುವುದಿಲ್ಲ. ಅದಕ್ಕೇ ನಿಮ್ಮಂಥ ಮಣ್ಣಿಗೆ ಇದು ಒಳ್ಳೆಯದು.

ಇವತ್ತು ಸಂಜೆಯೊಳಗೆ ಹೀಗೆ ಮಾಡಿಸಿ. ಫೂಟಿಂಗ್ ತಳದಲ್ಲಿ ಅರ್ತಿಂಗಿಗೆ ಅಂತಲೇ ಬೇರೆ ಕಂಬಿ ಹಾಕಿಸಿ. 12 ಎಂಎಂಗಿಂತ ದಪ್ಪ ಇರಲಿ, ಕಾಂಕ್ರೀಟ್ ಒಳಗೆ ಕನಿಷ್ಠ 6 ಮೀಟರ್ ಓಡಲಿ, ಸುತ್ತ 50 ಎಂಎಂ ಕಾಂಕ್ರೀಟ್ ಇರಲಿ. ಒಂದು ಫೂಟಿಂಗಿನಲ್ಲಿ ಅಷ್ಟು ಉದ್ದ ಸಿಗದಿದ್ದರೆ ಪ್ಲಿಂತ್ ಬೀಮ್ (ಕಂಬಗಳನ್ನು ಬುಡದಲ್ಲಿ ಜೋಡಿಸುವ ತೊಲೆ) ಮೂಲಕ ಇನ್ನೊಂದಕ್ಕೆ ಸೇರಿಸಿ. ಇದನ್ನು ಕಟ್ಟಡದ ಕಂಬಿಗೆ ಸೇರಿಸಲು ವೆಲ್ಡಿಂಗ್ ಬೇಡ, ಕ್ಲಾಂಪ್ ಹಾಕಿಸಿ. ತುದಿಯನ್ನು ಕಾಲಮ್ ಒಳಗಿಂದಲೇ ಮೇಲೆ ತಂದು, ನೆಲಮಟ್ಟ ದಾಟಿದ ಮೇಲೆ ಮೀಟರ್ ಬೋರ್ಡ್ ಹತ್ತಿರ ಹೊರಗೆ ತೆಗೆಯಿರಿ. ಮಣ್ಣಿನಲ್ಲಿ ಹೊರಗೆ ತೆಗೆದರೆ ಅಲ್ಲೇ ತುಕ್ಕು ತಿನ್ನುತ್ತೆ. ಕಟ್ಟಿದ ಮೇಲೆ ಫೋಟೋ ಹಾಕಿ, ನೋಡುತ್ತೇನೆ.

ಸದಸ್ಯ, ತುಮಕೂರು: ನಮ್ಮ ಮನೆ ಕಟ್ಟಿ 10 ವರ್ಷ ಆಯ್ತು. ಈಗ ಮಾಡಿಸಬಹುದಾ?

ಎಂಜಿನಿಯರ್: ಆಗಲ್ಲ. ಗುಂಡಿ ಅರ್ತಿಂಗ್ ಮಾಡಿಸಿ.

ಸದಸ್ಯ, ಶಿರಸಿ: ನಮ್ಮದು ಹಳೇ ಮನೆ, ಸೈಜುಗಲ್ಲಿನ ಪಾಯ. ಆಗುತ್ತಾ?

ಎಂಜಿನಿಯರ್: ಕಲ್ಲಿನ ಪಾಯದಲ್ಲಿ ಕಂಬಿ ಎಲ್ಲಿದೆ? ಆಗಲ್ಲ.

ಸದಸ್ಯ, ಹುಬ್ಬಳ್ಳಿ: ವಾಟ್ಸಾಪ್‌ನಲ್ಲಿ ಬಂದಿದ್ದು: "ಪಾಯದ ಕಾಂಕ್ರೀಟಿಗೆ 5 ಕೆಜಿ ಕಲ್ಲುಪ್ಪು ಬೆರೆಸಿ, ಅರ್ತಿಂಗ್ ಡಬಲ್ ಆಗುತ್ತದೆ." ಎಲ್ಲರಿಗೂ ಅನುಕೂಲ ಆಗಲಿ.

ಎಂಜಿನಿಯರ್: ಯಾರೂ ಇದನ್ನು ಮಾಡಬೇಡಿ. ಉಪ್ಪಿನ ಕ್ಲೋರೈಡ್ ಕಂಬಿಯನ್ನು ತಿನ್ನುತ್ತೆ. ತುಕ್ಕು ಉಬ್ಬಿ ಕಾಂಕ್ರೀಟ್ ಬಿರಿಯುತ್ತೆ. ಗುಂಡಿಯಲ್ಲಿ ಉಪ್ಪು ಬೇರೆ, ಮನೆ ಹೊರುವ ಪಾಯದಲ್ಲಿ ಉಪ್ಪು ಬೇರೆ. ದಯವಿಟ್ಟು ಅಳಿಸಿ.

ಮೇಸ್ತ್ರಿ: ಕರೆಂಟ್ ಹರಿದರೂ ಕಂಬಿ ಹಾಳಾಗುತ್ತೆ. ನಾನು 30 ವರ್ಷದಿಂದ ಕಟ್ಟಿಸುತ್ತಿದ್ದೀನಿ, ಯಾರೂ ಹೀಗೆ ಮಾಡಿಸಿಲ್ಲ.

ವೈರಿಂಗ್ ಮಾಡುವವರು: ದಿನವಿಡೀ ಕರೆಂಟ್ ಹರಿಯಲ್ಲ ಅಣ್ಣಾ, ಫಾಲ್ಟ್ ಆದಾಗ ಒಂದು ಕ್ಷಣ. ಗೊತ್ತಿಲ್ಲದೆ ಹೆದರಿಸಬೇಡಿ.

ಮೇಸ್ತ್ರಿ: ಗೊತ್ತಿಲ್ಲದೆ ಅಂದ್ರೆ? ನೀವು ಗೋಡೆ ಕೊರೆದು ಹಾಳು ಮಾಡ್ತೀರಿ, ಬೈಗುಳ ನಮಗೆ.

ವೈರಿಂಗ್ ಮಾಡುವವರು: ಪೈಪ್ ಬಿಡಿ ಅಂತ ಎಷ್ಟು ಸಲ ಹೇಳಿದರೂ ಸ್ಲ್ಯಾಬ್ ಹಾಕಿ ಮುಗಿಸುವವರು ಯಾರು?

ಸದಸ್ಯೆ, ಮೈಸೂರು: ಲಿಫ್ಟಿಗೆ ಬೇರೆ ಅರ್ತಿಂಗ್ ಬೇಕಾ ಸರ್?

ಸದಸ್ಯ, ದಾವಣಗೆರೆ: ಫೇಸ್‌ನಿಂದ ಅರ್ತಿಗೆ 100 ವ್ಯಾಟ್ ಬಲ್ಬ್ ಹಾಕಿ ನೋಡಿದೆ, ಚೆನ್ನಾಗಿ ಉರೀತು. ಅರ್ತಿಂಗ್ ಸೂಪರ್ ಅಲ್ವಾ?

ಎಂಜಿನಿಯರ್: ಅಲ್ಲ. ಉರಿಯುವಾಗ ಆ ಬಲ್ಬೇ ಸುಮಾರು 530 ಓಮ್. ನಿಮ್ಮ ಅರ್ತ್ 50 ಓಮ್ ಇದ್ದರೂ ಅದು ಉರಿಯುತ್ತೆ. ಆ 50 ಓಮ್ ಅರ್ತಿನಲ್ಲಿ ಗೀಸರ್ ಲೀಕ್ ಆದರೆ ಹರಿಯುವುದು 5 ಆಂಪಿಯರ್ ಕೂಡ ಇಲ್ಲ, 16 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುವುದಿಲ್ಲ. ನಲ್ಲಿ ಮುಟ್ಟಿದವರಿಗೆ ಹೊಡೆಯುತ್ತೆ. ಅರ್ತ್ ಟೆಸ್ಟರ್‌ನಿಂದ ಅಳೆಸಿ. 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಸ್ವಲ್ಪ ಕರೆಂಟ್ ಲೀಕ್ ಆದರೂ ಆಫ್ ಆಗುವ ಸ್ವಿಚ್) ಹಾಕಿಸಿ. ಪಾಯದಿಂದ ಅರ್ತ್ ತೆಗೆದವರೂ ಇದನ್ನು ಬಿಡುವಂತಿಲ್ಲ.

ಸದಸ್ಯ, ಹುಬ್ಬಳ್ಳಿ: ಇನ್ನೊಂದು ಬಂದಿದೆ: ಅರ್ತ್ ಇಲ್ಲದ ಮನೆಯಲ್ಲಿ ಸಾಕೆಟ್‌ನಲ್ಲೇ ನ್ಯೂಟ್ರಲ್‌ಗೂ ಅರ್ತ್ ಪಿನ್‌ಗೂ ವೈರ್ ಸೇರಿಸಿದರೆ ಸಾಕಂತೆ.

ಎಂಜಿನಿಯರ್: ನ್ಯೂಟ್ರಲ್ ಒಂದು ಸಲ ಕಡಿದರೆ ಫ್ರಿಜ್ ಮೈಯೆಲ್ಲ 230 ವೋಲ್ಟ್. ಮಕ್ಕಳಿರುವ ಮನೆಗಳಿಗೆ ಇಂಥದ್ದನ್ನು ಕಳಿಸುತ್ತಿದ್ದೀರಿ. ಸಾಕು ಮಾಡಿ.

ಸದಸ್ಯ, ಹುಬ್ಬಳ್ಳಿ: ನಾನು ಫಾರ್ವರ್ಡ್ ಮಾಡಿದ್ದಷ್ಟೇ. ಮರ್ಯಾದೆಯಿಂದ ಮಾತಾಡಿ.

ಸದಸ್ಯ, ಮಂಡ್ಯ: ನಮ್ಮದು 2015ರ ಮನೆ, ಪಾಯದಿಂದ ಅರ್ತ್ ತೆಗೆಯಬಹುದಾ?

ಎಂಜಿನಿಯರ್: ಮೇಲೆ ಓದಿ.

ಸದಸ್ಯೆ, ಮೈಸೂರು: ಸರ್, ಲಿಫ್ಟ್ ಬಗ್ಗೆ ಕೇಳಿದ್ದೆ.

ಮನೆ ಕಟ್ಟಿಸುತ್ತಿರುವವರು, ಹಾಸನ: ಫೋಟೋ ಹಾಕಿದ್ದೀನಿ ಸರ್. ಕ್ಲಾಂಪ್ ಎರಡು ಕಡೆ ಹಾಕಿಸಿದೆ.

ಎಂಜಿನಿಯರ್: ಕ್ಲಾಂಪ್ ಚೆನ್ನಾಗಿದೆ. ಆದರೆ ಕಂಬಿ ಕೆಳಗೆ ಕವರ್ ಬ್ಲಾಕ್ (ಕಂಬಿಯನ್ನು ಎತ್ತಿ ಹಿಡಿಯುವ ಬಿಲ್ಲೆ) ಪಕ್ಕದಲ್ಲಿ ಕಪ್ಪಗೆ ಹೊಳೆಯುತ್ತಿರುವುದು ಏನು? ಪ್ಲಾಸ್ಟಿಕ್ ಶೀಟಾ?

ಮನೆ ಕಟ್ಟಿಸುತ್ತಿರುವವರು, ಹಾಸನ: ಹೌದು ಸರ್. ಕಾಂಕ್ರೀಟ್ ಹಾಲು ಇಳಿದು ಹೋಗಬಾರದು ಅಂತ ಗುಂಡಿ ತಳದ ಬೆಡ್ ಕಾಂಕ್ರೀಟ್ ಮೇಲೆ ಹಾಸಿದ್ದಾರೆ.

ಎಂಜಿನಿಯರ್: ಅಮ್ಮಾ, ಆ ಶೀಟ್ ಇದ್ದರೆ ತಳದಿಂದ ಮಣ್ಣಿಗೆ ಸಂಪರ್ಕವೇ ಇರಲ್ಲ, ಇಷ್ಟೆಲ್ಲ ಮಾಡಿಸಿದ್ದು ದಂಡ. ಈಗಲೇ ನಿಮ್ಮ ಸ್ಟ್ರಕ್ಚರಲ್ ಎಂಜಿನಿಯರಿಗೆ ಫೋನ್ ಮಾಡಿ. ಅವರು ಒಪ್ಪಿದರೆ ಶೀಟ್ ತೆಗೆಸಿ, ಬೆಡ್‌ಗೆ ನೀರು ಹೊಡೆಸಿ. ಅದು ಆಗುವ ತನಕ ಕಾಂಕ್ರೀಟ್ ಹಾಕಿಸಬೇಡಿ.

ಮನೆ ಕಟ್ಟಿಸುತ್ತಿರುವವರು, ಹಾಸನ: ಫೋನ್ ಮಾಡಿದೆ, ತೆಗೆಯಬಹುದು ಅಂದರು. ತಮ್ಮ ಟಾರ್ಚ್ ಹಿಡಿದುಕೊಂಡು ಸೈಟಿಗೆ ಹೋಗಿದ್ದಾನೆ ಸರ್.