ಕಿಂಗ್‌ಡಮ್ ರಶ್ ಪ್ರಶ್ನೋತ್ತರ: ಎಲ್ಲಿ ಸೋಲುತ್ತಿದ್ದೀರಿ, ಕೇಳಿ

ಲೆವೆಲ್ ಡಿಸೈನರ್: ನಮಸ್ಕಾರ. ಗೇಮ್‌ಗಳಿಗೆ ಲೆವೆಲ್ ಕಟ್ಟುವುದು ನನ್ನ ಕೆಲಸ. ಇವತ್ತು ಉರುಗ್ವೆಯ ಐರನ್‌ಹೈಡ್ ಕಂಪನಿ 2011ರಲ್ಲಿ ತಂದ ಮೊದಲ ಕಿಂಗ್‌ಡಮ್ ರಶ್ ಬಗ್ಗೆ ಮಾತ್ರ. ದಾರಿಯಲ್ಲಿ ಅಲೆ ಅಲೆಯಾಗಿ ಬರುವ ಶತ್ರುಗಳನ್ನು ಪಕ್ಕದಲ್ಲಿ ಟವರ್ ಕಟ್ಟಿ ತಡೆಯುವ ಆಟ ಅದು. ಎಲ್ಲಿ ಸೋತಿರಿ, ಏನು ಕಟ್ಟಿದ್ದಿರಿ, ಎರಡೂ ಬರೆಯಿರಿ.

ಹಾಸನ ಹುಡುಗ: ಮೇಡಂ, ಮೊದಲು ಯಾವ ಟವರ್ ಕಟ್ಟಬೇಕು?

ಲೆವೆಲ್ ಡಿಸೈನರ್: ದಾರಿಯ ತಿರುವಿನಲ್ಲಿ ಸೈನಿಕರನ್ನು ಕಳಿಸುವ ಒಂದು ಬ್ಯಾರಕ್, ಪಕ್ಕದಲ್ಲಿ ಬಿಲ್ಲುಗಾರರು. ಎರಡಕ್ಕೂ ತಲಾ 70 ಚಿನ್ನ. ಆಮೇಲೆ 100ಕ್ಕೆ ಮಂತ್ರವಾದಿ.

ಕಾಫಿ ತೋಟ: ಆರನೇ ಲೆವೆಲ್ ಸಿಟಾಡೆಲ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ ಮೇಡಂ. ಬರೀ ಬಿಲ್ಲುಗಾರರನ್ನೇ ಕಟ್ಟಿದ್ದೇನೆ. ಆದರೂ ಕವಚ ತೊಟ್ಟ ಶತ್ರು ಯೋಧರು, ಆ ಡಾರ್ಕ್ ನೈಟ್‌ಗಳು, ದಾಟಿ ಹೋಗುತ್ತವೆ. ಕೊನೆಗೆ ಆ ಲೆವೆಲ್‌ನ ದೊಡ್ಡ ಖಳ ಜಗರ್‌ನಾಟ್ ಬಂದು ಆಟವೇ ಮುಗಿಯುತ್ತದೆ. ಸೈನಿಕರು ಯಾರನ್ನೂ ಕೊಲ್ಲುವುದಿಲ್ಲ ಅಂತ ಬ್ಯಾರಕ್ ಎಲ್ಲಾ ಮಾರಿಬಿಟ್ಟೆ.

ಲೆವೆಲ್ ಡಿಸೈನರ್: ಇಂಥ ಪ್ರಶ್ನೆ ಬೇಕಿತ್ತು. ನೈಟ್ ಮೈಮೇಲೆ ದಪ್ಪ ಕವಚ ಇದೆ. ಪ್ರತಿ ಬಾಣದ ಏಟಿನಲ್ಲೂ ದೊಡ್ಡ ಪಾಲನ್ನು ಅದು ತಡೆಯುತ್ತದೆ. ಬಿಲ್ಲಿನ ಟವರ್ ಎಷ್ಟೇ ಇದ್ದರೂ ಪ್ರತಿ ಬಾಣಕ್ಕೂ ಅದೇ ಕಡಿತ. ಮಂತ್ರದ ಏಟಿಗೆ ಕವಚ ಅಡ್ಡ ಬರುವುದಿಲ್ಲ. ಹಾಗಂತ ಎಲ್ಲಾ ಕಡೆ ಮಂತ್ರವಾದಿಗಳನ್ನೇ ಕೂರಿಸಬೇಡಿ. ಶತ್ರುಪಡೆಯ ಮಾಟಗಾರರಾದ ಶಾಮನ್‌ಗಳಿಗೆ ಮಂತ್ರ ಅಷ್ಟಾಗಿ ತಾಗುವುದಿಲ್ಲ. ಅವು ಜೊತೆಯವರ ಗಾಯವನ್ನೂ ವಾಸಿ ಮಾಡುತ್ತವೆ. ಅವುಗಳಿಗೆ ಬಾಣವೇ ಬೇಕು.

ನನಗೆ ಜಾಸ್ತಿ ಚಿಂತೆ ಬ್ಯಾರಕ್ ಮಾರಿದ್ದು. ಸೈನಿಕರ ಕೆಲಸ ಕೊಲ್ಲುವುದಲ್ಲ, ತಡೆದು ನಿಲ್ಲಿಸುವುದು. ನೈಟ್ ನಡೆಯುತ್ತಲೇ ಇದ್ದರೆ ಟವರ್‌ಗೆ ಸಿಗುವುದು ನಾಲ್ಕೈದು ಏಟು. ಅಲ್ಲೇ ಕಾದಾಡುತ್ತಾ ನಿಂತರೆ ನಿಧಾನಕ್ಕೆ ಹೊಡೆಯುವ ಮಂತ್ರವಾದಿಯೂ ಸಾಕು. ಬ್ಯಾರಕ್ ಒತ್ತಿ, ಬಾವುಟದ ಗುರುತಿನಿಂದ ಸೈನಿಕರನ್ನು ಎರಡು ಮೂರು ಟವರ್‌ಗಳ ಏಟು ಒಟ್ಟಿಗೆ ಬೀಳುವ ಜಾಗಕ್ಕೆ ಕಳಿಸಿ. ಸುಮ್ನೆ ಬಾಗಿಲಲ್ಲಿ ನಿಲ್ಲಿಸಬೇಡಿ. ಹಾರುವ ಗಾರ್ಗಾಯ್ಲ್‌ಗಳನ್ನು ಮಾತ್ರ ಅವರು ತಡೆಯಲಾರರು. ಅದಕ್ಕೆ ಒಂದೆರಡು ಬಿಲ್ಲಿನ ಟವರ್ ಉಳಿಸಿಕೊಳ್ಳಿ.

ಜಗರ್‌ನಾಟ್ ಎದುರು ಪುಕ್ಕಟೆ ಸಿಗುವ ಸಹಾಯಪಡೆಯ ಸೈನಿಕರನ್ನು ಇಳಿಸಿ. 10 ಸೆಕೆಂಡಿಗೊಮ್ಮೆ ಇಬ್ಬರು ಸಿಗುತ್ತಾರೆ. ಅವರು ಸಾಯುತ್ತಾರೆ, ಆದರೆ ಅವನು ಅಷ್ಟು ಹೊತ್ತು ನಿಲ್ಲುತ್ತಾನೆ. ಶತ್ರುಗಳ ಮೇಲೆ ನೀವೇ ಸುರಿಸುವ ಬೆಂಕಿಮಳೆಯನ್ನೂ ಅವನಿಗೇ ಉಳಿಸಿ.

ರಾತ್ರಿ ಪಾಳಿ: ಮೊದಲು ಯಾವ ಟವರ್ ಕಟ್ಟೋದು ಮೇಡಂ?

ಲೆವೆಲ್ ಡಿಸೈನರ್: ಮೇಲೆ ಇದೆ.

ತುಂಗಾ ತೀರ: ವಾಟ್ಸಾಪ್‌ನಲ್ಲಿ ಬಂದಿದ್ದು: "ಪ್ರತಿ ಅಲೆ ಮುಗಿದ ಮೇಲೆ ಎಲ್ಲಾ ಟವರ್ ಮಾರಿ ಮತ್ತೆ ಕಟ್ಟಿ, ಚಿನ್ನ ಡಬಲ್ ಆಗುತ್ತದೆ." ಎಲ್ಲರಿಗೂ ಕಳಿಸಿ.

ಲೆವೆಲ್ ಡಿಸೈನರ್: ಯಾರಿಗೂ ಕಳಿಸಬೇಡಿ. ಆಟದ ಮಧ್ಯೆ ಮಾರಿದರೆ ಹಾಕಿದ್ದರಲ್ಲಿ 60 ಪರ್ಸೆಂಟ್ ವಾಪಸ್ ಬರುತ್ತದೆ. 100 ಹಾಕಿದ ಮಂತ್ರವಾದಿಗೆ 60. ಡಬಲ್ ಎಲ್ಲಿಂದ ಬಂತು? ಚಿನ್ನ ಬೇಕಾದರೆ ಮುಂದಿನ ಅಲೆಯನ್ನು ಬೇಗ ಕರೆಯಿರಿ. ಅದಕ್ಕೆ ಬೋನಸ್ ಇದೆ.

ರಾತ್ರಿ ಪಾಳಿ: ಬಿಲ್ಲಿನ ಟವರ್‌ಗೆ ಕೊನೇ ಹಂತದಲ್ಲಿ ಮಸ್ಕಟಿಯರ್ ಬೆಸ್ಟ್. ದೂರದಿಂದಲೇ ಒಂದೇ ಗುಂಡಿಗೆ ಕೆಡವುತ್ತಾರೆ.

ಹಾಸನ ಹುಡುಗ: ಅದು ಅದೃಷ್ಟ ಇದ್ದರೆ ಅಣ್ಣ. ಅದೇ ಟವರ್‌ನ ಇನ್ನೊಂದು ಆಯ್ಕೆ ರೇಂಜರ್, ಅವರ ಬಾಣದ ವಿಷಕ್ಕೆ ಕವಚ ಲೆಕ್ಕಕ್ಕೇ ಇಲ್ಲ. ಬೇಗ ಬೇಗ ಹೊಡೆಯುತ್ತಾರೆ ಬೇರೆ.

ರಾತ್ರಿ ಪಾಳಿ: ನೀನು ಎಷ್ಟನೇ ಲೆವೆಲ್‌ನಲ್ಲಿ ಇದ್ದೀಯ? ಮೊದಲ ಟವರ್ ಯಾವುದು ಅಂತ ಕೇಳಿದವನು ನೀನೇ ಅಲ್ವಾ?

ಹಾಸನ ಹುಡುಗ: ನೀವೂ ಅದನ್ನೇ ಕೇಳಿದ್ರಿ! ಓದದೆ ಕೇಳಿದ್ರಿ ಬೇರೆ.

ಅಮ್ಮನ ಫೋನ್: ಟ್ಯಾಬ್‌ನಲ್ಲಿ ಆಡಿದ ಆಟ ಫೋನ್‌ಗೆ ಬರುತ್ತದಾ? ಮಗ ಕೇಳುತ್ತಿದ್ದಾನೆ.

ರಾತ್ರಿ ಪಾಳಿ: ಮಸ್ಕಟಿಯರ್ ಹಾಕಿ ಡಾರ್ಕ್ ಟವರ್ ಲೆವೆಲ್‌ನಲ್ಲಿ ಖಳ ವೆಜ್‌ನಾನ್‌ನನ್ನೇ ಸೋಲಿಸಿದ್ದೇನೆ. ನೀನು ಅಲ್ಲಿಗೆ ಬಂದ ಮೇಲೆ ಮಾತಾಡು.

ಲೆವೆಲ್ ಡಿಸೈನರ್: ಇಬ್ಬರೂ ಸಾಕು ಮಾಡಿ. ಉದ್ದ ನೇರ ದಾರಿಗೆ ಮಸ್ಕಟಿಯರ್, ಕವಚದವರನ್ನು ಸೈನಿಕರು ಹಿಡಿದು ನಿಲ್ಲಿಸುವ ಕಡೆ ರೇಂಜರ್. ಜಾಗ ನೋಡದೆ ಬೆಸ್ಟ್ ಅಂತ ಯಾವುದೂ ಇಲ್ಲ.

ತುಂಗಾ ತೀರ: ಇಷ್ಟೆಲ್ಲಾ ಯಾಕೆ? ಆಟದೊಳಗಿನ ಹಣ, ಅಂದರೆ ಜೆಮ್ಸ್, ಅನ್‌ಲಿಮಿಟೆಡ್ ಸಿಗುವ ಎಪಿಕೆ (ಆ್ಯಪ್ ಫೈಲ್) ಇದೆ. ಲಿಂಕ್ ಹಾಕುತ್ತಿದ್ದೇನೆ.

ಲೆವೆಲ್ ಡಿಸೈನರ್: ಲಿಂಕ್ ಅಳಿಸಿದ್ದೇನೆ. ಟವರ್ ಆಟಕ್ಕೆ ಎಸ್ಸೆಮ್ಮೆಸ್ ಓದುವ ಅನುಮತಿ ಯಾಕೆ ಬೇಕು ಅಂತ ಒಮ್ಮೆಯಾದರೂ ನೋಡಿದಿರಾ? ಬ್ಯಾಂಕಿನ ಒಟಿಪಿ ಬರುವುದೂ ಅದೇ ಫೋನಿಗೆ. ಇಲ್ಲಿ ಮಕ್ಕಳ ಕೈಗೆ ಫೋನ್ ಕೊಟ್ಟಿರುವ ಅಮ್ಮಂದಿರು ಇದ್ದಾರೆ. ಇನ್ನೊಮ್ಮೆ ಹಾಕಿದರೆ ಗುಂಪಿನಿಂದ ತೆಗೆಯುತ್ತೇನೆ.

ತುಂಗಾ ತೀರ: ಒಳ್ಳೇದಕ್ಕೆ ಹೇಳಿದರೆ ಹೀಗಾ? ಹೇಳುವ ರೀತಿ ಅಂತ ಒಂದಿದೆ ಮೇಡಂ.

ಮಲೆನಾಡು ಮಳೆ: ಮೂರು ಸ್ಟಾರ್ ಬರುತ್ತಿಲ್ಲ.

ಲೆವೆಲ್ ಡಿಸೈನರ್: 20 ಜೀವದಲ್ಲಿ 18 ಉಳಿಯಬೇಕು.

ಮಲೆನಾಡು ಮಳೆ: ಐರನ್ ಚಾಲೆಂಜ್? ಯಾವ ಹೀರೋ ಒಳ್ಳೇದು?

ಲೆವೆಲ್ ಡಿಸೈನರ್: ಐರನ್‌ನಲ್ಲಿ ಒಂದೇ ಜೀವ, ಕೆಲವು ಟವರ್ ಕಟ್ಟಲು ಬಿಡುವುದಿಲ್ಲ. ಮೊದಲು ಅಪ್‌ಗ್ರೇಡ್ ಪರದೆಯಲ್ಲಿ ರೀಸೆಟ್ ಒತ್ತಿ. ಅಪ್‌ಗ್ರೇಡ್‌ಗೆ ಹಾಕಿದ ಸ್ಟಾರ್‌ಗಳು ಪೂರ್ತಿ ವಾಪಸ್ ಬರುತ್ತವೆ. ಕಟ್ಟಲು ಬಿಡದ ಟವರ್ ಮೇಲೆ ಸ್ಟಾರ್ ಯಾಕೆ? ಬಿಡುವ ಟವರ್ ಮೇಲೇ ಹಾಕಿ.

ಕಾಫಿ ತೋಟ: ಮೇಡಂ, ಈಗ ನೈಟ್‌ಗಳು ನಿಂತವು! ಆದರೆ ಜಗರ್‌ನಾಟ್ ಬರುವ ಹೊತ್ತಿಗೆ ಸಹಾಯಪಡೆ ಸಿದ್ಧ ಇರಲಿಲ್ಲ.

ಲೆವೆಲ್ ಡಿಸೈನರ್: ಅವನು ಬರುವ ಮುಂಚೆ ಸಣ್ಣಪುಟ್ಟವರ ಮೇಲೆ ಬಿಟ್ಟು ಖಾಲಿ ಮಾಡಿರುತ್ತೀರಿ. ಕೊನೇ ಅಲೆಯಲ್ಲಿ ಸಣ್ಣವರನ್ನು ಬ್ಯಾರಕ್ ಸೈನಿಕರಿಗೆ ಬಿಡಿ, ಸಹಾಯಪಡೆ ಮುಟ್ಟಬೇಡಿ. ಅವನು ಮಂತ್ರವಾದಿಗಳ ಏಟಿಗೆ ಸಿಗುವ ಜಾಗಕ್ಕೆ ಕಾಲಿಟ್ಟ ಕೂಡಲೇ ಮೊದಲ ಇಬ್ಬರು. ಹತ್ತು ಎಣಿಸಿ, ಮತ್ತೆ ಇಬ್ಬರು.

ಹಾಸನ ಹುಡುಗ: ಅಲ್ಲಿ ರೇಂಜರ್ ಹಾಕಿ ಸರ್.

ರಾತ್ರಿ ಪಾಳಿ: ಮತ್ತೆ ಶುರು ಮಾಡಿದ.